ವಿರಳ ವಾಯುವಿನಲ್ಲಿ ಡೀಸೆಲ್ ಎಂಜಿನ್: ಒಂದು ಚಾರಿತ್ರಿಕ ವಿವೇಚನೆ

ಹಿಮಾಲಯದ ಎತ್ತರದ ಕಣಿವೆಮಾರ್ಗಗಳಲ್ಲಿ ಲಾರಿ ನಡೆಸುವವರು ಡೀಸೆಲ್ ಎಂಜಿನ್ನಿನ ಮೇಲೆ ಹೊರಿಸುವ ದೂರುಗಳು ಬಹುಕಾಲದಿಂದ ನಾಲ್ಕು: ಗಾಡಿ ಎಳೆಯುವುದಿಲ್ಲ, ಕರಿಹೊಗೆ ಕಾರುತ್ತದೆ, ಬೇಗ ಕಾಯುತ್ತದೆ, ಬೆಳಗಿನ ಜಾವ ಸ್ಟಾರ್ಟ್ ಆಗುವುದಿಲ್ಲ. ನಾಲ್ಕನೆಯದರಲ್ಲಿ ಚಳಿಯ ಪಾಲೂ ಉಂಟೆಂಬುದನ್ನು ಬಿಟ್ಟರೆ, ಇವೆಲ್ಲಕ್ಕೂ ಮೂಲಕಾರಣ ವಾಯುವಿನ ವಿರಳತೆ. ಇದನ್ನು ಗೆಲ್ಲಲು ಯಂತ್ರಜ್ಞರು ನಡೆಸಿದ ಪ್ರಯತ್ನಗಳ ಚರಿತ್ರೆಯನ್ನು ನಿಷ್ಕಾಸದ ಅನಿಲದ ಬಲದಿಂದ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋಚಾರ್ಜರಿನ ಚರಿತ್ರೆಯೆಂದೇ ಬರೆಯುವುದು ವಾಡಿಕೆಯಾಗಿದೆ. ಅದು ಅರ್ಧಸತ್ಯವೆಂದೂ, ಎಂಜಿನ್ನಿಗೆ ಹೆಚ್ಚು ಗಾಳಿ ಒದಗಿಸಿದ ಸಾಹಸದಷ್ಟೇ ಇಂಧನದ ಪಂಪಿಗೆ ಗಾಳಿಯ ಅಳತೆಯನ್ನು ತಿಳಿಯಪಡಿಸಿದ ಸಾಧನೆಯೂ ಮುಖ್ಯವೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಲೆಕ್ಕವನ್ನು ನೋಡಬಹುದು. ಪ್ರಮಾಣಿತ ವಾಯುಮಂಡಲದಲ್ಲಿ ಸಮುದ್ರಮಟ್ಟದ ಒಂದು ಘನಮೀಟರು ಗಾಳಿಯ ತೂಕ 1.225 ಕಿಲೋಗ್ರಾಂ; 5,000 ಮೀಟರು ಎತ್ತರದಲ್ಲಿ ಅದು 0.736ಕ್ಕೆ ಇಳಿಯುತ್ತದೆ. ಟರ್ಬೋ ಇಲ್ಲದ, ಆರು ಲೀಟರು ಗಾತ್ರದ ನಾಲ್ಕು ಹೊಡೆತದ ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ, ಆದರ್ಶಸ್ಥಿತಿಯಲ್ಲಿ ಅದು ನಿಮಿಷಕ್ಕೆ 6,000 ಲೀಟರು ಗಾಳಿಯನ್ನು ಒಳಗೆಳೆದುಕೊಳ್ಳುವುದು; ತೂಕದಲ್ಲಿ ಇದು ಕಡಲತೀರದಲ್ಲಿ 7.35 ಕಿಲೋಗ್ರಾಂ, 5,000 ಮೀಟರಿನಲ್ಲಿ 4.4 ಕಿಲೋಗ್ರಾಂ. ತೀರಪ್ರದೇಶದಲ್ಲಿ ಇಪ್ಪತ್ತು ಪಾಲು ಗಾಳಿಗೆ ಒಂದು ಪಾಲು ಡೀಸೆಲ್ಲಿನಂತೆ ಪಂಪನ್ನು ಹೊಂದಿಸಿದ್ದಾರೆಂದು ಇಟ್ಟುಕೊಳ್ಳೋಣ. ಆ ಪಂಪು ಅಷ್ಟೇ ಡೀಸೆಲ್ಲನ್ನು ಮೇಲೆಯೂ ಸುರಿದರೆ ಪ್ರಮಾಣವು ಹನ್ನೆರಡಕ್ಕೆ ಒಂದಾಗುವುದು. ಡೀಸೆಲ್ ಪೂರ್ಣವಾಗಿ ಉರಿಯಲು ಕನಿಷ್ಠ ಹದಿನಾಲ್ಕೂವರೆ ಪಾಲು ಗಾಳಿ ಬೇಕಾದುದರಿಂದ, ಉಳಿದ ಇಂಧನ ಮಸಿಯಾಗಿ ಹೊರಬೀಳದೆ ಬೇರೆ ದಾರಿಯಿಲ್ಲ. ಜೊತೆಗೆ ದಹನವು ತಡವಾಗಿ ಮುಗಿದು ನಿಷ್ಕಾಸದ ಅನಿಲ ಮಿತಿಮೀರಿ ಕಾಯುತ್ತದೆ. ರೇಡಿಯೇಟರಿನ ಮೂಲಕ ಹಾದುಹೋಗುವ ಗಾಳಿಯೂ ತೆಳುವಾದುದರಿಂದ ಶಾಖವನ್ನು ಒಯ್ಯುವ ಅದರ ಸಾಮರ್ಥ್ಯ ಕುಗ್ಗಿರುತ್ತದೆ. ತೆರೆದ ಪಾತ್ರೆಯ ನೀರಂತೂ ಆ ಎತ್ತರದಲ್ಲಿ ಸುಮಾರು 83 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ.

ಡೀಸೆಲ್ ಎಂಜಿನ್ನಿನ ವಿಶೇಷಗುಣವೇ ಇಲ್ಲಿ ಅದರ ದೋಷವೂ ಆಗಿ ಪರಿಣಮಿಸಿತು. ರುಡಾಲ್ಫ್ ಡೀಸೆಲ್ 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1897ರಲ್ಲಿ ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಯಂತ್ರದಲ್ಲಿ ಕಿಡಿಯಿಲ್ಲ. ಸಂಪೀಡನದಿಂದ ಕಾದ ಗಾಳಿಗೆ ಇಂಧನವನ್ನು ಚಿಮ್ಮಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುವುದು. ಗಾಳಿಯನ್ನು ತಡೆಯುವ ಕವಾಟವಿಲ್ಲದೆ ಇಂಧನವನ್ನು ಮಾತ್ರ ಹೆಚ್ಚುಕಡಿಮೆ ಮಾಡಿ ಶಕ್ತಿಯನ್ನು ನಿಯಂತ್ರಿಸುವುದೇ ಇದರ ಮಿತವ್ಯಯದ ಒಂದು ಕಾರಣ. ಆದರೆ 1927ರಲ್ಲಿ ಬಾಷ್ ಸಂಸ್ಥೆ ವಿಪುಲವಾಗಿ ತಯಾರಿಸಲಾರಂಭಿಸಿ, ಡೀಸೆಲ್ಲನ್ನು ನಿಜವಾಗಿ ರಸ್ತೆಗೆ ತಂದ ಪಂಪಿನ ಗವರ್ನರು ಅರಿತಿದ್ದುದು ಎಂಜಿನ್ನಿನ ವೇಗವನ್ನು ಮತ್ತು ಚಾಲಕನ ಕಾಲಿನ ಒತ್ತಡವನ್ನು ಮಾತ್ರ. ಗಾಳಿ ಎಷ್ಟಿದೆಯೆಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಘಾಟಿ ಏರುವಾಗ ವೇಗ ಕುಗ್ಗಿತೆಂದು ಚಾಲಕನು ಪೆಡಲನ್ನು ಪೂರ್ತಿ ತುಳಿದಷ್ಟೂ ಹೊಗೆ ಹೆಚ್ಚುವುದು, ಶಕ್ತಿ ಹೆಚ್ಚದು.

ಗಾಳಿಯನ್ನೇ ಒತ್ತಿ ತುಂಬುವ ಉಪಾಯ ಹುಟ್ಟಿದುದು ಬೆಟ್ಟದ ದಾರಿಗಾಗಿ ಅಲ್ಲವೆಂಬುದು ಗಮನಾರ್ಹ. ಸ್ವಿಟ್ಜರ್‌ಲೆಂಡಿನ ಆಲ್‌ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದಾಗ ಆತನ ಕಣ್ಣಿದ್ದುದು ನಿಷ್ಕಾಸದಲ್ಲಿ ವ್ಯರ್ಥವಾಗುತ್ತಿದ್ದ ಶಕ್ತಿಯ ಮೇಲೆ. ಇಪ್ಪತ್ತು ವರ್ಷಗಳ ಅನಂತರ ಅದು ಫಲಿಸಿದುದೂ ಸಮುದ್ರಮಟ್ಟದಲ್ಲಿಯೇ, 'ಪ್ರಾಯ್ಸನ್' ಮತ್ತು 'ಹಾನ್ಸೆಸ್ಟಾಟ್ ಡಾನ್ಸಿಗ್' ಎಂಬ ಎರಡು ಜರ್ಮನ್ ಹಡಗುಗಳಲ್ಲಿ. ಆ ಹಡಗುಗಳ ಎಂಜಿನ್ನುಗಳ ಶಕ್ತಿ 1,750ರಿಂದ 2,500 ಅಶ್ವಶಕ್ತಿಗೆ ಏರಿತು. ಎತ್ತರದ ಸಮಸ್ಯೆಯನ್ನು ನೇರವಾಗಿ ಎದುರಿಸಿದವರು ಮೊದಲನೆಯ ಮಹಾಯುದ್ಧದ ಕಾಲದ ವಿಮಾನತಜ್ಞರು. ಫ್ರಾನ್ಸಿನಲ್ಲಿ ಆಗುಸ್ತ್ ರಾಟೋ ಈ ಕೆಲಸಕ್ಕೆ ತೊಡಗಿದನು. ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಸ್ಯಾನ್‌ಫೋರ್ಡ್ ಮಾಸ್ 1918ರಲ್ಲಿ ಲಿಬರ್ಟಿ ವಿಮಾನಎಂಜಿನ್ನನ್ನು ಟ್ರಕ್ಕಿನ ಮೇಲೆ ಹೇರಿಸಿ ಕೊಲರಾಡೋದ ಪೈಕ್ಸ್ ಶಿಖರಕ್ಕೆ, ಅಂದರೆ ಸುಮಾರು 4,300 ಮೀಟರು ಎತ್ತರಕ್ಕೆ, ಕೊಂಡೊಯ್ದು ಪರೀಕ್ಷಿಸಿದನು. ತಗ್ಗಿನಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಆ ಎಂಜಿನ್ನು ಶಿಖರದ ಮೇಲೆ ಸುಮಾರು 230ಕ್ಕೆ ಕುಸಿಯಿತು. ಟರ್ಬೋ ಜೋಡಿಸಿದೊಡನೆ ಕಳೆದುಕೊಂಡುದನ್ನೆಲ್ಲ ಮರಳಿ ಪಡೆಯಿತು. ಅದು ಪೆಟ್ರೋಲಿನ ಎಂಜಿನ್ನಾದರೂ, ಎತ್ತರಕ್ಕೂ ಟರ್ಬೋವಿಗೂ ಇರುವ ಸಂಬಂಧವನ್ನು ನಿಸ್ಸಂದೇಹವಾಗಿ ಸ್ಥಾಪಿಸಿದ ಪ್ರಯೋಗವೆಂದು ಅದನ್ನು ನಾನು ಎಣಿಸುತ್ತೇನೆ. ಲಾರಿಗೆ ಈ ಭಾಗ್ಯ ತಡವಾಗಿ ಬಂದಿತು: ಸ್ವಿಸ್ ಸಂಸ್ಥೆ ಸೌರರ್ 1938ರಲ್ಲಿ ಟರ್ಬೋ ಇರುವ ಲಾರಿಎಂಜಿನ್ನನ್ನು ಹೊರತಂದಿತಾದರೂ, ವೋಲ್ವೋ ಮುಂತಾದವರು ಅದನ್ನು ರಸ್ತೆಯಲ್ಲಿ ರೂಢಿಗೆ ತಂದುದು 1950ರ ದಶಕದ ಅನಂತರ.

ಭಾರತದ ಹಿಮಾಲಯದಲ್ಲಿ ಈ ಕಥೆ ಬೇರೆ ಜಾಡು ಹಿಡಿಯಿತು. 1948ರ ನವೆಂಬರ್ 1ರಂದು ಕೊಡಗಿನ ವೀರ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರು ಸುಮಾರು 3,500 ಮೀಟರು ಎತ್ತರದ ಜೋಜಿ ಲಾ ಕಣಿವೆಗೆ ಸ್ಟುಅರ್ಟ್ ಟ್ಯಾಂಕುಗಳನ್ನು ಏರಿಸಿದಾಗ ಅವುಗಳಲ್ಲಿದ್ದುದು ಪೆಟ್ರೋಲ್ ಎಂಜಿನ್ನುಗಳು. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಮೂರರಲ್ಲೊಂದು ಭಾಗ ಕಡಮೆಯಾಗಿರುತ್ತದೆಂಬುದನ್ನು ನೆನೆದರೆ ಆ ಸಾಹಸದ ಮಹತ್ತ್ವ ಇನ್ನಷ್ಟು ತಿಳಿಯುತ್ತದೆ. 1960ರಲ್ಲಿ ಗಡಿ ರಸ್ತೆಗಳ ಸಂಸ್ಥೆ ಸ್ಥಾಪಿತವಾದ ಮೇಲೆ ಹೊಸ ರಸ್ತೆಗಳನ್ನೇರಿದ ಭಾರವನ್ನು ಬಹುಮಟ್ಟಿಗೆ ಹೊತ್ತುದು ಜಬಲ್ಪುರದಲ್ಲಿ 1959ರಿಂದ ತಯಾರಾದ, ಜರ್ಮನಿಯ ಮಾನ್ ಸಂಸ್ಥೆಯ ವಿನ್ಯಾಸದ ಶಕ್ತಿಮಾನ್ ಲಾರಿ. ಅದರಲ್ಲಿ ಟರ್ಬೋ ಇರಲಿಲ್ಲ. ಅಂಥ ಎಂಜಿನ್ನು ಪ್ರತಿ ಸಾವಿರ ಮೀಟರಿಗೆ ಸರಿಸುಮಾರು ಹತ್ತರಲ್ಲೊಂದು ಪಾಲು ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಹೊರೆಯನ್ನು ತಗ್ಗಿಸಿ, ಕೆಳಗಿನ ಗೇರಿನಲ್ಲಿ ಸಹನೆಯಿಂದ ಏರುವುದೇ ಉಳಿದ ಮಾರ್ಗವಾಗಿದ್ದಿತು. ಪಂಪು ಬಿಚ್ಚಿ, ಟೆಸ್ಟ್ ಬೆಂಚಿನ ಮೇಲಿಟ್ಟು, ಇಂಧನದ ಗರಿಷ್ಠಮಿತಿಯನ್ನು ತಗ್ಗಿಸುವ ಕ್ಯಾಲಿಬ್ರೇಷನ್ ಇನ್ನೊಂದು ಉಪಾಯ. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್ ಮಾದರಿಯ ಪಂಪುಗಳನ್ನೂ ನಾಜಲುಗಳನ್ನೂ ತಯಾರಿಸಿ ದೇಶಕ್ಕೆಲ್ಲ ಒದಗಿಸಿತಾದ್ದರಿಂದ, ಈ ವಿದ್ಯೆಯಲ್ಲಿ ಕನ್ನಡನಾಡಿಗೂ ನಿಜವಾದ ಪಾಲಿದೆ.

ಚಳಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಸಂಪೀಡನದ ಕೊನೆಯ ಉಷ್ಣತೆಯು ಮುಖ್ಯವಾಗಿ ಒಳಬರುವ ಗಾಳಿಯ ಉಷ್ಣತೆಯನ್ನು ಅವಲಂಬಿಸಿದೆಯೇ ಹೊರತು ಅದರ ಒತ್ತಡವನ್ನಲ್ಲ. ಒತ್ತಡ ಕಡಮೆಯಾದಾಗ ಇಂಧನ ಹೊತ್ತಿಕೊಳ್ಳಲು ತಡವಾಗುತ್ತದೆ. ಲಡಾಖಿನ ಚಳಿಗಾಲದಲ್ಲಿ ಈ ಎರಡೂ ಕೊರತೆಗಳು ಒಂದಾಗುತ್ತವೆ. ಸಾಲದೆಂಬಂತೆ ಡೀಸೆಲ್ಲಿನೊಳಗಿನ ಮೇಣ ಹೆಪ್ಪುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಸೀಮೆಎಣ್ಣೆ ಬೆರೆಸುವುದು, ಎಂಜಿನ್ನಿನ ಅಡಿಯಲ್ಲಿ ಬೆಂಕಿ ಹಾಕುವುದು ಹಳೆಯ ರೂಢಿಗಳು. ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಸಂಸ್ಥೆ ಲಡಾಖಿಗೆ ಒದಗಿಸಲಾರಂಭಿಸಿದುದು 2019ರ ನವೆಂಬರಿನಲ್ಲಿ.

ಪಂಪಿಗೆ ಗಾಳಿಯ ಅರಿವು ಕೊಟ್ಟುದು ಅನೆರಾಯ್ಡ್ ಎಂಬ ಪುಟ್ಟ ಡಬ್ಬಿ. ಒಳಗಿನ ಗಾಳಿಯನ್ನು ತೆಗೆದು ಮುಚ್ಚಿದ ಈ ತೆಳುಲೋಹದ ಡಬ್ಬಿಯು ಹೊರಗಿನ ಒತ್ತಡ ಇಳಿದಂತೆ ಉಬ್ಬಿ, ಸನ್ನೆಯ ಮೂಲಕ ಪಂಪಿನಲ್ಲಿ ಇಂಧನದ ಅಳತೆಯನ್ನು ನಿರ್ಧರಿಸುವ ಕಂಬಿಯ ಚಲನೆಗೆ ಮಿತಿ ಹಾಕುತ್ತದೆ. ಇದು ಒಂದು ಅಶ್ವಶಕ್ತಿಯನ್ನೂ ಸೃಷ್ಟಿಸದು; ಆದರೂ ಎಂಜಿನ್ನು ತನ್ನನ್ನು ತಾನೇ ಸುಟ್ಟುಕೊಳ್ಳದಂತೆ ಕಾಯುತ್ತದೆ. ಟರ್ಬೋ ಕೂಡ ನಿರಪಾಯಕಾರಿಯಲ್ಲ. ಅದೇ ಒತ್ತಡವನ್ನು ಎತ್ತರದಲ್ಲಿ ಉಳಿಸಿಕೊಳ್ಳಬೇಕಾದರೆ ಅದರ ಚಕ್ರ ಇನ್ನಷ್ಟು ವೇಗವಾಗಿ ತಿರುಗಬೇಕಾಗಿ, ಒಂದು ಎತ್ತರದಾಚೆ ವೇಗ ಮಿತಿಮೀರಿ ಒಡೆಯುವ ಭಯವಿರುವುದರಿಂದ, ಅಲ್ಲಿಯೂ ಇಂಧನವನ್ನೇ ತಗ್ಗಿಸಬೇಕು. 1990ರ ದಶಕದ ಕೊನೆಯಲ್ಲಿ ಬಂದ ಕಾಮನ್ ರೈಲ್ ವ್ಯವಸ್ಥೆಯಲ್ಲಿ ವಾಯುಭಾರವನ್ನು ಅಳೆಯುವ ಸೆನ್ಸಾರು ಈ ಎರಡು ಕೆಲಸಗಳನ್ನೂ ವಹಿಸಿಕೊಂಡಿತು. ಇಂದು 5,359 ಮೀಟರಿನ ಖರ್ದುಂಗ್ ಲಾವನ್ನು ಹೊಗೆಯಿಲ್ಲದೆ ದಾಟುವ ಡೀಸೆಲ್ ವಾಹನದಲ್ಲಿ ಬ್ಯೂಖಿಯ ಟರ್ಬೈನೂ ಅನೆರಾಯ್ಡಿನ ಆ ವಿವೇಕವೂ ಜೊತೆಯಾಗಿ ದುಡಿಯುತ್ತಿವೆ.

ಟರ್ಬೋವಿನ ಚರಿತ್ರೆ ಗ್ರಂಥಗಳಲ್ಲಿ ದಾಖಲಾಗಿದೆ; ಪಂಪನ್ನು ಎತ್ತರಕ್ಕೆ ಹದಗೊಳಿಸಿದ ಕೈಗಳ ಅನುಭವಕ್ಕೆ ಆ ಮನ್ನಣೆ ದೊರೆತಿಲ್ಲ. ಪಂಪು ಕಾರ್ಖಾನೆಗಳಲ್ಲಿ, ಸೇನೆಯ ಯಂತ್ರದುರಸ್ತಿ ವಿಭಾಗವಾದ ಇ.ಎಂ.ಇ.ಯ ವರ್ಕ್‌ಷಾಪುಗಳಲ್ಲಿ ದುಡಿದು ನಿವೃತ್ತರಾದವರು ನಮ್ಮ ಊರುಗಳಲ್ಲಿದ್ದಾರೆ. ಅವರ ಕ್ಯಾಲಿಬ್ರೇಷನ್ ಪಟ್ಟಿಗಳನ್ನೂ ದಿನಚರಿಗಳನ್ನೂ ರದ್ದಿಗೆ ಹಾಕದೆ ಉಳಿಸಿ, ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು ಅವರ ಮನೆಯವರಲ್ಲಿ ನನ್ನ ವಿನಂತಿ.