ದುರ್ಗದ ಮೇಲೊಂದು ವಿದ್ಯಾಲಯ

ಕೆರಿಬಿಯನ್ ಸಮುದ್ರದಲ್ಲಿ ಸೇಂಟ್ ಲೂಸಿಯ ಎಂಬ ಸಣ್ಣ ದ್ವೀಪರಾಷ್ಟ್ರವೊಂದುಂಟು. ವಿಸ್ತಾರ ಸುಮಾರು 617 ಚದರ ಕಿಲೋಮೀಟರು. ಜನಸಂಖ್ಯೆ ಎರಡು ಲಕ್ಷವನ್ನು ಮುಟ್ಟದು. ಈ ಪುಟ್ಟ ನಾಡಿನ ಇಬ್ಬರು ನೊಬೆಲ್ ಪಾರಿತೋಷಕ ಪಡೆದರು: 1979ರಲ್ಲಿ ಅರ್ಥಶಾಸ್ತ್ರಕ್ಕೆ ಆರ್ಥರ್ ಲೂಯಿಸ್, 1992ರಲ್ಲಿ ಸಾಹಿತ್ಯಕ್ಕೆ ಡೆರೆಕ್ ವಾಲ್ಕಾಟ್. ಇಬ್ಬರೂ ರಾಜಧಾನಿ ಕಾಸ್ಟ್ರೀಸಿನ ಸೇಂಟ್ ಮೇರೀಸ್ ಕಾಲೇಜೆಂಬ ಒಂದೇ ಪ್ರೌಢಶಾಲೆಯಲ್ಲಿ ಓದಿದವರು. ಇದನ್ನು ಕೇಳಿದವರು, ಅಲ್ಲಿ ವಿದ್ಯೆ ಮನೆಮನೆಗೂ ಸುಲಭವಾಗಿ ಒದಗಿತ್ತೆಂದು ಭಾವಿಸಿಯಾರು. ಚರಿತ್ರೆ ಹೇಳುವ ಮಾತೇ ಬೇರೆ.

ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕದ ಮೂಲದ ಗುಲಾಮರಿಗೆ ಪೂರ್ಣ ಬಿಡುಗಡೆ ದೊರೆತುದು 1838ರಲ್ಲಿ. ಅವರ ಮಕ್ಕಳ ಅಕ್ಷರಾಭ್ಯಾಸಕ್ಕೆ ಒದಗಿದ ಹಣದ ಕಥೆ ವಿಚಿತ್ರವಾದುದು. ಲೇಡಿ ಮೈಕೊ ಎಂಬ ಆಂಗ್ಲ ಮಹಿಳೆ 1670ರ ತನ್ನ ಉಯಿಲಿನಲ್ಲಿ, ಉತ್ತರ ಆಫ್ರಿಕದ ಕಡಲುಗಳ್ಳರ ಸೆರೆಯಲ್ಲಿದ್ದ ಕ್ರೈಸ್ತರನ್ನು ಬಿಡಿಸಲು ಸಾವಿರ ಪೌಂಡು ಮೀಸಲಿಟ್ಟಿದ್ದಳು. ಕಾಲಾಂತರದಲ್ಲಿ ಆ ಕಾರ್ಯದ ಅಗತ್ಯ ತೀರಿತು. ಹಣ ಮಾತ್ರ ಬೆಳೆಯುತ್ತ ಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ನಿಧಿಯೇ ವೆಸ್ಟ್ ಇಂಡೀಸಿನ ಶಾಲೆಗಳಿಗೆ ವಿನಿಯೋಗವಾಯಿತು. ಆದರೆ ಮಕ್ಕಳ ಮನೆಮಾತು ಫ್ರೆಂಚಿನಿಂದ ಹುಟ್ಟಿದ ಕ್ವೆಯೋಲ್. ಶಾಲೆಯ ಭಾಷೆ ಇಂಗ್ಲಿಷು. ಹೀಗಾಗಿ ತಾಯಿನುಡಿಯನ್ನು ಹೊಸ್ತಿಲಾಚೆ ಬಿಟ್ಟೇ ಮಗು ತರಗತಿಗೆ ಕಾಲಿಡಬೇಕಾಗಿತ್ತು.

ಮುಂದಿನ ಮೆಟ್ಟಿಲುಗಳಂತೂ ಬಹು ಕಿರಿದು. ಲೂಯಿಸರ ತಂದೆತಾಯಿಗಳಿಬ್ಬರೂ ಉಪಾಧ್ಯಾಯರು. ಬಾಲಕನಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಐವರು ಗಂಡುಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೆ ಬಿತ್ತು. ಹದಿನಾಲ್ಕಕ್ಕೇ ಶಾಲೆಯ ಪಾಠಗಳನ್ನೆಲ್ಲ ಮುಗಿಸಿದ ಹುಡುಗನಿಗೆ ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂರಲು ವಯಸ್ಸು ಸಾಲದು. ಅಲ್ಲಿಯವರೆಗೆ ಸರಕಾರಿ ಕಚೇರಿಯಲ್ಲಿ ಗುಮಾಸ್ತಗಿರಿ. 1932ರಲ್ಲಿ ಆ ವೇತನ ಗೆದ್ದು ಇಂಗ್ಲೆಂಡಿಗೆ ಹೋಗುವ ಅವಕಾಶ ಬಂತು. ಇಂಜಿನಿಯರಾಗಬೇಕೆಂಬ ಆಸೆಯಿತ್ತು, ಆದರೆ ಕರಿಯ ಇಂಜಿನಿಯರನಿಗೆ ಸರಕಾರವಾಗಲಿ ಬಿಳಿಯರ ಕಂಪೆನಿಗಳಾಗಲಿ ಕೆಲಸ ಕೊಡುವಂತಿರಲಿಲ್ಲ. ಆದ್ದರಿಂದ ವಾಣಿಜ್ಯಶಾಸ್ತ್ರವನ್ನು ಆರಿಸಿಕೊಂಡರು. ಅಂಥ ಮೇಧಾವಿಗೇ ಹಾದಿ ಇಷ್ಟು ಇಕ್ಕಟ್ಟಾದರೆ, ಆ ವೇತನ ದೊರೆಯದವರ ಗತಿಯೇನು? ಅವರ ಹೆಸರುಗಳನ್ನು ಯಾವ ಗ್ರಂಥವೂ ಬರೆದಿಟ್ಟಿಲ್ಲ.

ಹಾದಿ ಅಗಲವಾದುದು ಮೆಲ್ಲಮೆಲ್ಲಗೆ. 1948ರಲ್ಲಿ ಜಮೈಕದಲ್ಲಿ, ಎಲ್ಲ ಆಂಗ್ಲ ದ್ವೀಪಗಳಿಗೂ ಸೇರಿದಂತೆ, ವೆಸ್ಟ್ ಇಂಡೀಸಿನ ಯೂನಿವರ್ಸಿಟಿ ಕಾಲೇಜು 33 ಮಂದಿ ವೈದ್ಯಕೀಯ ವಿದ್ಯಾರ್ಥಿಗಳೊಡನೆ ಆರಂಭವಾಯಿತು. ವಾಲ್ಕಾಟ್ ಪದವಿಗಾಗಿ ಓದಿದ್ದು ಅಲ್ಲಿಯೇ. 1959ರಲ್ಲಿ ಅದರ ಮುಖ್ಯಸ್ಥರಾದವರು ಲೂಯಿಸ್. ಸೇಂಟ್ ಲೂಸಿಯ 1979ರಲ್ಲಿ ಸ್ವತಂತ್ರವಾಯಿತು. 1985ರಲ್ಲಿ ಕಾಸ್ಟ್ರೀಸಿನ ಮೇಲುಗಡೆಯ ಮಾರ್ನ್ ಫಾರ್ಚೂನ್ ಗುಡ್ಡದಲ್ಲಿ, ಸರ್ ಆರ್ಥರ್ ಲೂಯಿಸ್ ಅವರ ಹೆಸರಿನ ಕಾಲೇಜು ಸ್ಥಾಪನೆಯಾಯಿತು. ಹಿಂದೆ ಫ್ರೆಂಚರೂ ಆಂಗ್ಲರೂ ಈ ದ್ವೀಪಕ್ಕಾಗಿ ಹೋರಾಡಿದ ದುರ್ಗಸ್ಥಾನವದು. ಸೈನಿಕರ ವಸತಿಗಳಿದ್ದೆಡೆ ಪಾಠಶಾಲೆಗಳು ಎದ್ದವು. 1991ರಲ್ಲಿ ನಿಧನರಾದ ಲೂಯಿಸರ ಸಮಾಧಿಯೂ ಆ ಕಾಲೇಜಿನ ಆವರಣದಲ್ಲಿಯೇ ಇದೆ.

ಪ್ರವೇಶಪರೀಕ್ಷೆಯಲ್ಲಿ ಗೆದ್ದವರಿಗಷ್ಟೇ ಅಲ್ಲದೆ ಪ್ರಾಥಮಿಕ ಶಾಲೆ ಮುಗಿಸಿದ ಎಲ್ಲ ಮಕ್ಕಳಿಗೂ ಪ್ರೌಢಶಾಲೆಯಲ್ಲಿ ಸ್ಥಾನ ದೊರೆತುದು 2006ರಲ್ಲಿ. ಎಂದರೆ ಮೊದಲನೆಯ ನೊಬೆಲ್ ಬಂದ 27 ವರ್ಷಗಳ ಮೇಲೆ. ಒಂದು ನಾಡಿನ ವಿದ್ಯೆಯನ್ನು ಅದರ ಶಿಖರಗಳಿಂದ ಅಳೆಯುವುದು ಸುಲಭ. ಆದರೆ ಸೇಂಟ್ ಲೂಸಿಯದ ಚರಿತ್ರೆಯಲ್ಲಿ ಆ ಎರಡು ಪಾರಿತೋಷಕಗಳಿಗಿಂತ ಈ 2006ನೆಯ ಇಸವಿಯೇ ಹಿರಿದೆಂದರೆ ಅತಿಶಯೋಕ್ತಿಯಾಗದು.