ಗೌರಿಬಿದನೂರಿನ ಸಾವಿರ ಕಿವಿಗಳು

ನಮ್ಮ ಕಡೆಯ ಕನ್ನಡ ಮನೆಗಳಲ್ಲಿ ರೇಡಿಯೋ ಎಂಬುದು ಬರಿಯ ಮನರಂಜನೆಯ ಪೆಟ್ಟಿಗೆಯಾಗಿರಲಿಲ್ಲ. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ವಾರ್ತೆ, ಯಕ್ಷಗಾನ, ಕೃಷಿರಂಗ ಎಲ್ಲವೂ ಗಡಿಯ ಚೆಕ್‌ಪೋಸ್ಟಿನಲ್ಲಿ ನಿಲ್ಲದೆ ನೇರವಾಗಿ ಮನೆಯ ಚಾವಡಿಗೆ ಬಂದವು. ನಾನು ಹುಟ್ಟಿದ್ದು ಅನಂತರ. ನನ್ನ ಬಾಲ್ಯದ ನೆನಪಿನಲ್ಲಿ ರೇಡಿಯೋ ಮತ್ತು ಮಳೆಗಾಲ ಒಟ್ಟೊಟ್ಟಿಗೇ ಇವೆ. ಗುಡುಗಿನ ಸಂಜೆ ಪ್ರಸಂಗ ರಂಗೇರುವ ಹೊತ್ತಿಗೆ ಸರಿಯಾಗಿ ಚರಪರ ಸದ್ದು ತುಂಬಿಕೊಂಡು ಭಾಗವತರ ಪದ ಮುಳುಗಿಹೋಗುತ್ತಿತ್ತು. ಅಜ್ಜ ಟ್ರಾನ್ಸಿಸ್ಟರನ್ನು ಕಿಟಿಕಿಯ ಬದಿಗೆ, ಕಂಬದ ಬದಿಗೆ, ಕೊನೆಗೆ ಅಂಗಳದ ಅಂಚಿಗೆ ಕೊಂಡೊಯ್ದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಆ ಸದ್ದನ್ನು ಕಳೆದುಕೊಳ್ಳುವುದು ಹೇಗೆ ಎಂಬುದೊಂದೇ ನಮ್ಮೆಲ್ಲರ ಚಿಂತೆಯಾಗಿತ್ತು.

ಅದೇ 1976ರಿಂದ ಕನ್ನಡ ನಾಡಿನ ಇನ್ನೊಂದು ಗಡಿಯಲ್ಲಿ, ಆಂಧ್ರದ ಹಿಂದೂಪುರಕ್ಕೆ ಹತ್ತಿರದ ಗೌರಿಬಿದನೂರಿನಲ್ಲಿ, ಅಂಥ ಸದ್ದನ್ನೇ ಬೇಕೆಂದು ಕೇಳುವ ಒಂದು ಮಹಾಯಂತ್ರದ ಕೆಲಸ ನಡೆಯಿತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಈ ವಿಚಾರವಾಗಿ ಬರೆದದ್ದೆಲ್ಲ ಹೆಚ್ಚಾಗಿ ಇಂಗ್ಲಿಷಿನ ಸಂಶೋಧನಾ ಪತ್ರಿಕೆಗಳಲ್ಲಿದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಅಮೆರಿಕದ ದೂರದರ್ಶಕಗಳ ಹೆಸರು ಗೊತ್ತು, ಇದು ಗೊತ್ತಿಲ್ಲ. ಆದುದರಿಂದ ಈ ಲೇಖನ.

ಮೊದಲು ಆ ಸದ್ದಿನ ಮಾತು. ನಮ್ಮ ಮೀಡಿಯಂ ವೇವ್ ರೇಡಿಯೋದ ಚರಪರ ಬಹುಮಟ್ಟಿಗೆ ಸಿಡಿಲಿನದು. ಆದರೆ ಸಿಡಿಲನ್ನು ಕಳೆದರೂ ಉಳಿಯುವ ಸದ್ದೊಂದಿದೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿ ಎಂಬ ಯುವಕನಿಗೆ, ಸಾಗರದಾಚೆಯ ರೇಡಿಯೋ ದೂರವಾಣಿಗೆ ತೊಂದರೆ ಕೊಡುವ ಸದ್ದುಗಳು ಎಲ್ಲಿಂದ ಬರುತ್ತವೆಂದು ಹುಡುಕುವ ಕೆಲಸ ಬಿತ್ತು. ಹಳೆಯ ಫೋರ್ಡ್ ಕಾರಿನ ಚಕ್ರಗಳ ಮೇಲೆ ತಿರುಗುವ ಆಂಟೆನಾ ಒಂದನ್ನು ಅವನು ಕಟ್ಟಿದ. ಹತ್ತಿರದ ಸಿಡಿಲು, ದೂರದ ಸಿಡಿಲು ಎಂದು ವಿಂಗಡಿಸಿದ ಮೇಲೂ ಒಂದು ಸಣ್ಣ ಹಿಸ್ಸೆನ್ನುವ ನಾದ ಉಳಿಯಿತು. ಅದು 24 ಗಂಟೆಗೊಮ್ಮೆ ಅಲ್ಲ, 23 ಗಂಟೆ 56 ನಿಮಿಷಕ್ಕೊಮ್ಮೆ ಏರುತ್ತಿತ್ತು. ಅದು ನಕ್ಷತ್ರಗಳ ದಿನಮಾನ. 1933ರಲ್ಲಿ ಜಾನ್ಸ್ಕಿ ಅದು ನಮ್ಮ ಆಕಾಶಗಂಗೆಯಿಂದ ಬರುವುದೆಂದು ಪ್ರಕಟಿಸಿದ. ಅವನು ಕೇಳಿದ್ದು 20.5 ಮೆಗಾಹರ್ಟ್ಸ್‌ನಲ್ಲಿ. ಗೌರಿಬಿದನೂರಿನ ಮೊದಲ ದೂರದರ್ಶಕ ಕೇಳಿದ್ದು 34.5 ಮೆಗಾಹರ್ಟ್ಸ್‌ನಲ್ಲಿ. ಅಂದರೆ ಜಗತ್ತೆಲ್ಲ ಚಿಕ್ಕ ಅಲೆಗಳ ಕಡೆಗೆ ಓಡುತ್ತಿದ್ದಾಗ ನಮ್ಮವರು ಜಾನ್ಸ್ಕಿಯ ಆ ಉದ್ದ ಅಲೆಗಳ ಹಳೆಯ ಹೊಲಕ್ಕೇ ಮರಳಿದರು.

ಇದರ ಹಿಂದೆ ಬೆಂಗಳೂರಿನ ಎರಡು ಸಂಸ್ಥೆಗಳು ಇದ್ದವು. ಸಿ. ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯನ್ನು 1972ರಿಂದ ಅವರ ಮಗ ವಿ. ರಾಧಾಕೃಷ್ಣನ್ ನಡೆಸುತ್ತಿದ್ದರು. ಕೊಡೈಕನಾಲಿನ ಹಳೆಯ ವೀಕ್ಷಣಾಲಯದಿಂದ ಬೆಳೆದು 1971ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತ ಸಂಸ್ಥೆಗೆ ವೇಣು ಬಾಪು ನಿರ್ದೇಶಕರು. ಈ ಬಾಪು ಅವರ ಮನೆತನ ನಮ್ಮ ನೆರೆಯ ಉತ್ತರ ಮಲಬಾರಿನದು ಎಂಬುದನ್ನು ಈ ಸಂಚಿಕೆಯ ಮಲಯಾಳ ಓದುಗರಿಗೆ ನೆನಪಿಸಬೇಕಾಗಿಲ್ಲವೇನೋ. ಅವರ ಸಂಸ್ಥೆಯ ಸಿಎಚ್. ವಿ. ಶಾಸ್ತ್ರಿಯವರು ಸೂರ್ಯನಿಂದ ಬರುವ ಉದ್ದ ಅಲೆಗಳ ಅಭ್ಯಾಸಿ. ಗೌರಿಬಿದನೂರಿನ ಕೆಲಸದ ಮುಖ್ಯ ಭಾರ ಹೊತ್ತವರು ಅವರು.

ಸ್ಥಳ ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್. ಆಗ ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ. ಬಯಲು ಸೀಮೆ, ಸುತ್ತ ಬೋಳು ಗುಡ್ಡಗಳು, ಉತ್ತರ ಪಿನಾಕಿನಿಯ ಬದಿ. ಪೇಟೆಯಲ್ಲಿ ಕನ್ನಡಕ್ಕೆ ಸರಿಸಮನಾಗಿ ತೆಲುಗು ಕೇಳುತ್ತದೆ. 1938ರಲ್ಲಿ ಗೋಲಿಬಾರು ನಡೆದ ವಿದುರಾಶ್ವತ್ಥ ಇದೇ ತಾಲೂಕು, ವೈಚಾರಿಕತೆಗೆ ಹೆಸರಾದ ಎಚ್. ನರಸಿಂಹಯ್ಯನವರ ಹುಟ್ಟೂರು ಹೊಸೂರು ಸಹ ಇದೇ ತಾಲೂಕು. ದೂರದ ಅಣುಸ್ಫೋಟಗಳ ಕಂಪನವನ್ನು ಗುರುತಿಸಬಲ್ಲ ಭೂಕಂಪ ಮಾಪಕಗಳ ಜಾಲವನ್ನೂ 1960ರ ದಶಕದಲ್ಲಿ ಈ ಸೀಮೆಯಲ್ಲೇ ಹೂಡಿದ್ದರು. ಹೀಗೆ ಒಂದು ಕಿವಿ ನೆಲಕ್ಕೆ, ಇನ್ನೊಂದು ಆಕಾಶಕ್ಕೆ. ಎರಡಕ್ಕೂ ಬೇಕಾದದ್ದು ನಿಶ್ಶಬ್ದ. ಗುಡ್ಡಗಳು ನಗರದ ರೇಡಿಯೋ ಗದ್ದಲವನ್ನು ಅಡ್ಡಗಟ್ಟುತ್ತಿದ್ದವು.

ದೂರದರ್ಶಕ ಎಂದಾಗ ನಮ್ಮ ಕಣ್ಣಿಗೆ ಬರುವುದು ದೊಡ್ಡ ಬಟ್ಟಲು. ಇಲ್ಲಿ ಬಟ್ಟಲಿಲ್ಲ. 34.5 ಮೆಗಾಹರ್ಟ್ಸ್‌ನ ಅಲೆಯ ಉದ್ದ 8.7 ಮೀಟರ್. ಇಷ್ಟು ಉದ್ದದ ಅಲೆಗೆ ಬಟ್ಟಲು ಕಟ್ಟಹೊರಟರೆ ಅದು ಗುಡ್ಡದಷ್ಟಾಗಬೇಕು. ಆದುದರಿಂದ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾವಿರ ದ್ವಿಧ್ರುವ ಆಂಟೆನಾಗಳನ್ನು ನೆಟ್ಟರು. ಪೂರ್ವದಿಂದ ಪಶ್ಚಿಮಕ್ಕೆ 1.38 ಕಿಲೋಮೀಟರ್ ಉದ್ದದ ತೋಳಿನಲ್ಲಿ 640, ಅದರ ನಡುವಿನಿಂದ ದಕ್ಷಿಣಕ್ಕೆ 0.45 ಕಿಲೋಮೀಟರ್ ಇಳಿಯುವ ತೋಳಿನಲ್ಲಿ 360. ಯಾವ ಭಾಗವೂ ತಿರುಗುವುದಿಲ್ಲ. ಪ್ರತಿ ಗುಂಪಿನ ಆಂಟೆನಾಗಳಿಂದ ಬರುವ ಅಲೆಯನ್ನು ಸ್ವಲ್ಪ ಸ್ವಲ್ಪ ತಡೆದು, ಎಲ್ಲವನ್ನೂ ತಾಳ ತಪ್ಪದಂತೆ ಕೂಡಿಸಿದರೆ ಬೇಕಾದ ದಿಕ್ಕಿನದು ಮಾತ್ರ ಗಟ್ಟಿಯಾಗಿ ಕೇಳುತ್ತದೆ. ಉತ್ತರ ದಕ್ಷಿಣವಾಗಿ ನೋಟ ಹೊರಳಿಸುವುದು ಈ ಉಪಾಯದಿಂದ. ಪೂರ್ವ ಪಶ್ಚಿಮದ ಕೆಲಸವನ್ನು ಭೂಮಿಯೇ ತಿರುಗಿ ಮಾಡಿಕೊಡುತ್ತದೆ. ಇಷ್ಟೆಲ್ಲ ಮಾಡಿದರೂ ಕಾಣುವ ಸೂಕ್ಷ್ಮತೆ ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನಷ್ಟು. ಅದಕ್ಕಿಂತ ಸಣ್ಣದರ ವಿವರ ಅದಕ್ಕೆ ದಕ್ಕದು.

ಕಟ್ಟುವುದು ಹೀಗಾಯಿತು. ಇಂಥ ಯಂತ್ರದ ನಿಜವಾದ ಕಥೆ ಇರುವುದು ಕಟ್ಟಿದ ಮರುದಿನದಿಂದ ಎಂದು ನನಗೆ ತೋರುತ್ತದೆ. ಸಾವಿರ ಆಂಟೆನಾಗಳು ಬಯಲಿನಲ್ಲಿ ಬಿಸಿಲಿಗೆ, ಮಳೆಗೆ, ಸಿಡಿಲಿಗೆ ನಿಂತಿರುತ್ತವೆ. ಬೆಸುಗೆ ಬಿಡುತ್ತದೆ, ಕೀಲು ತುಕ್ಕು ಹಿಡಿಯುತ್ತದೆ, ಕೇಬಲಿನೊಳಗೆ ನೀರು ಇಳಿಯುತ್ತದೆ, ಇಲಿ ಕಡಿಯುತ್ತದೆ, ಹುಲ್ಲು ಬೆಳೆಯುತ್ತದೆ. ಒಂದು ಬಟ್ಟಲು ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಒಂದು ಆಂಟೆನಾ ಸತ್ತರೆ ಹೋಗುವುದು ಸಾವಿರದಲ್ಲಿ ಒಂದು ಪಾಲು, ಯಾರಿಗೂ ಗೊತ್ತಾಗದು. ಹತ್ತು ಸತ್ತರೂ ಗೊತ್ತಾಗದು. ಸತ್ತದ್ದಕ್ಕಿಂತ ಕಷ್ಟ ತಾಳ ತಪ್ಪಿದ್ದು. ಕೇಬಲು ಬಿಸಿಲಿಗೆ ಹಿಗ್ಗಿದರೆ, ಒಂದು ಕೂಡುಗೀಲು ಸಡಿಲವಾದರೆ, ಆ ಗುಂಪಿನ ಅಲೆ ಉಳಿದವುಗಳ ಜೊತೆ ಹೊಂದದೆ ಮೊತ್ತವನ್ನೇ ಕೆಡಿಸುತ್ತದೆ. ಬ್ಯಾಂಕಿನಲ್ಲಿ ದುಡಿಯುವ ನನಗೆ ಇದು ಸುಲಭವಾಗಿ ಅರ್ಥವಾಯಿತು. ಲಕ್ಷ ರೂಪಾಯಿ ವ್ಯತ್ಯಾಸ ಬಂದರೆ ಹತ್ತು ನಿಮಿಷದಲ್ಲಿ ಸಿಗುತ್ತದೆ, ಇಪ್ಪತ್ತು ಪೈಸೆ ತಾಳೆಯಾಗದಿದ್ದರೆ ಸಂಜೆ ಪೂರ್ತಿ ಹೋಗುತ್ತದೆ.

ತಾಳೆ ನೋಡುವ ಕ್ರಮ ಆಕಾಶದಲ್ಲೇ ಇದೆ. ಶಕ್ತಿ ಎಷ್ಟು, ಜಾಗ ಯಾವುದು ಎಂದು ಚೆನ್ನಾಗಿ ತಿಳಿದಿರುವ ಕೆಲವು ಪ್ರಬಲ ರೇಡಿಯೋ ಆಕರಗಳಿವೆ. ಹಂಸ ಮಂಡಲದಲ್ಲೊಂದು, ವೃಷಭದ ಏಡಿ ನೀಹಾರಿಕೆ, ಕನ್ಯೆಯಲ್ಲೊಂದು. ಅವು ನೆತ್ತಿಯ ರೇಖೆ ದಾಟುವಾಗ ಪ್ರತಿ ಗುಂಪು ಏನು ಹೇಳುತ್ತದೆಂದು ನೋಡಿ ಯಾವುದು ದಾರಿ ತಪ್ಪಿದೆಯೆಂದು ಗುರುತಿಸಬೇಕು, ಆಮೇಲೆ ಬಯಲಿಗೆ ಹೋಗಿ ಕಂಬ ಕಂಬವಾಗಿ ಹುಡುಕಬೇಕು. ಇದಕ್ಕೆ ಮೇಲಿನ ವಾಯುಮಂಡಲದ ಕಾಟ ಬೇರೆ. ಅಯಾನುಗೋಲ ಎಂಬ ವಿದ್ಯುತ್ಕಣಗಳ ಪದರ ಹಗಲಿನಲ್ಲಿ ದಪ್ಪವಾಗಿ ಉದ್ದ ಅಲೆಗಳನ್ನು ಬಾಗಿಸಿ, ಹೀರಿ, ಅಲುಗಿಸಿಬಿಡುತ್ತದೆ. ಸೂರ್ಯ ಶಾಂತವಾಗಿರುವ ವರ್ಷಗಳ ರಾತ್ರಿಗಳು ಒಳ್ಳೆಯವು. ಅಂದರೆ ನಕ್ಷತ್ರ ಲೋಕದ ಒಳ್ಳೆಯ ಕೆಲಸಕ್ಕೆ ಹನ್ನೊಂದು ವರ್ಷದ ಸೌರಚಕ್ರವನ್ನು ಕಾಯುವ ತಾಳ್ಮೆ ಬೇಕು, ಅಷ್ಟು ಕಾಲವೂ ಕಂಬಗಳು ನೆಟ್ಟಗಿರಬೇಕು.

ನಿರ್ವಹಣೆ ಎಂಬುದು ಎಲ್ಲ ಕಡೆಯೂ ಇದೇ. ಗೋವಿಂದ ಸ್ವರೂಪರು ಕಟ್ಟಿ 1970ರಲ್ಲಿ ಕೆಲಸಕ್ಕೆ ತೊಡಗಿದ ಉದಕಮಂಡಲದ ದೂರದರ್ಶಕ 530 ಮೀಟರ್ ಉದ್ದ, 30 ಮೀಟರ್ ಅಗಲ. ಕನ್ನಡಕ್ಕೆ ಬಲು ಹತ್ತಿರದ ಮಾತನ್ನಾಡುವ ಬಡಗರ ನಾಡಿನಲ್ಲಿ, ಭೂಮಿಯ ಅಕ್ಷಕ್ಕೆ ಸಮಾನಾಂತರವಾಗುವಂಥ ಇಳಿಜಾರನ್ನು ಹುಡುಕಿ ಮಲಗಿಸಿದ ಯಂತ್ರ ಅದು. ಅದರ ಕನ್ನಡಿ ಎಂದರೆ 1100 ಉಕ್ಕಿನ ತಂತಿಗಳು. ಒಂದರ ಮುಂದೊಂದು ಜೋಡಿಸಿದರೆ 583 ಕಿಲೋಮೀಟರ್ ಆಗುತ್ತದೆ. 1990ರ ದಶಕದ ಆರಂಭದಲ್ಲಿ ಅದರ 1056 ದ್ವಿಧ್ರುವಗಳನ್ನು ಹೊಸದಾಗಿ ಹಾಕಿ, ಒಂದೊಂದಕ್ಕೂ ಒಂದೊಂದು ವರ್ಧಕವನ್ನು ಕೂಡಿಸಿದ ಮೇಲೆ ಆ ಹಳೆಯ ಯಂತ್ರಕ್ಕೆ ಹೊಸ ಹರೆಯ ಬಂತು. ಇದಕ್ಕೆ ವಿರುದ್ಧವಾದ ಕಥೆ ಪೋರ್ಟೊರಿಕೋದ ಅರೆಸಿಬೋದ್ದು. 1963ರ 305 ಮೀಟರಿನ ಆ ಬಟ್ಟಲಿನ ಮೇಲೆ ನೂರಾರು ಟನ್ ಭಾರದ ವೇದಿಕೆ ಕೇಬಲುಗಳಿಂದ ತೂಗುತ್ತಿತ್ತು. 2020ರ ಆಗಸ್ಟಿನಲ್ಲಿ ಒಂದು ಕೇಬಲು ತನ್ನ ಕುಳಿಯಿಂದ ಜಾರಿತು, ನವೆಂಬರಿನಲ್ಲಿ ಇನ್ನೊಂದು ತುಂಡಾಯಿತು, ಡಿಸೆಂಬರ್ 1ರಂದು ವೇದಿಕೆಯೇ ಬಟ್ಟಲನ್ನು ಒಡೆದುಕೊಂಡು ಬಿತ್ತು. ಆ ವಿಡಿಯೋವನ್ನು ನಾನು ಎರಡನೆಯ ಬಾರಿ ನೋಡಲಿಲ್ಲ.

ಗೌರಿಬಿದನೂರಿನ ಟಿ ಆಕಾರದ ದೂರದರ್ಶಕದ ಅತಿ ದೊಡ್ಡ ಫಲ ಬಂದದ್ದು 1990ರಲ್ಲಿ. ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆಯನ್ನು ಪ್ರಕಟಿಸಿದರು. ದಕ್ಷಿಣಕ್ಕೆ 50 ಡಿಗ್ರಿಯಿಂದ ಉತ್ತರಕ್ಕೆ 70 ಡಿಗ್ರಿವರೆಗಿನ ಪಟ್ಟಿ ಅದು. ಇಡೀ ಆಕಾಶದ ಬಹುಪಾಲು ಅದರಲ್ಲಿ ಬಂತು. ಕಣ್ಣಿಗೆ ಕಾಣುವ ಒಂದು ನಕ್ಷತ್ರವೂ ಆ ನಕ್ಷೆಯಲ್ಲಿ ನಕ್ಷತ್ರವಾಗಿ ಇಲ್ಲ. ಆಕಾಶಗಂಗೆಯ ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳ ಹೊಗೆಯಂಥ ಬೆಳಕು, ಸತ್ತ ನಕ್ಷತ್ರಗಳ ಚೂರುಗಳು, ದೂರದ ಗೆಲಾಕ್ಸಿಗಳು ಅದರಲ್ಲಿವೆ. ಇಷ್ಟು ಉದ್ದದ ಅಲೆಯಲ್ಲಿ ಇಷ್ಟು ವಿಶಾಲವಾದ ನಕ್ಷೆ ಜಗತ್ತಿನಲ್ಲೇ ಅಪರೂಪವಾಗಿತ್ತು.

ಸೂರ್ಯನ ಪಾಲು ಬೇರೆ. 1997ರಲ್ಲಿ ಖಭೌತ ಸಂಸ್ಥೆಯವರು ಅದೇ ಆವರಣದಲ್ಲಿ ರೇಡಿಯೋ ಸೌರಚಿತ್ರಕವನ್ನು ಹೂಡಿದರು. ಮೊದಲಿಗೆ 192 ಆಂಟೆನಾಗಳು, ಮುಂದೆ 384. ಆಕಾರ ಮತ್ತೆ ಟಿ. ಒಂದೊಂದು ಆಂಟೆನಾವೂ ಒಂದು ಕಾಲದಲ್ಲಿ ನಮ್ಮ ಮಾಡಿನ ಮೇಲೆ ಕಾಗೆ ಕೂರುತ್ತಿದ್ದ ದೂರದರ್ಶನದ ಮೀನುಮುಳ್ಳಿನಂಥದೇ. 40ರಿಂದ 150 ಮೆಗಾಹರ್ಟ್ಸ್‌ವರೆಗೆ ಕೇಳುವ ಇದು ನಡುಹಗಲಿನ ಆಸುಪಾಸಿನಲ್ಲಿ ಸೂರ್ಯನ ಕರೋನಾವನ್ನು ಚಿತ್ರಿಸುತ್ತದೆ. ಹತ್ತು ಲಕ್ಷ ಡಿಗ್ರಿ ಬಿಸಿಯ ಆ ಹೊರ ಆವರಣ ಬರಿಗಣ್ಣಿಗೆ ಕಾಣುವುದು ಪೂರ್ಣಗ್ರಹಣದಲ್ಲಿ ಮಾತ್ರ. 2019ರ ಡಿಸೆಂಬರ್ 26ರಂದು ನಮ್ಮ ಚೆರುವತ್ತೂರಿನಲ್ಲಿ ಜನ ಸೇರಿ ಕಂಕಣ ಗ್ರಹಣ ನೋಡಿದ್ದು ನೆನಪಿರಬಹುದು. ಅಂದೂ ಕರೋನಾ ಕಾಣಲಿಲ್ಲ, ಉಂಗುರದ ಬೆಳಕೇ ಅದನ್ನು ಮುಚ್ಚಿಬಿಟ್ಟಿತು. ಗೌರಿಬಿದನೂರಿಗೆ ಗ್ರಹಣ ಬೇಕಾಗಿಲ್ಲ. 2023ರ ಸೆಪ್ಟೆಂಬರಿನಲ್ಲಿ ಆದಿತ್ಯ-ಎಲ್1 ಸೂರ್ಯನನ್ನು ನೋಡಲು ಹೊರಟಾಗ ಪತ್ರಿಕೆಗಳು ಸಂಭ್ರಮಿಸಿದವು, ಸರಿಯೇ. ನೆಲದ ಮೇಲಿನ ಈ ಹಿರಿಯಣ್ಣನ ಬಗ್ಗೆ ಒಂದು ಸಾಲು ಬಂದಿದ್ದರೆ ಇನ್ನೂ ಚೆನ್ನಾಗಿತ್ತು.

ಈಗಿನ ಶತ್ರು ತುಕ್ಕಲ್ಲ, ನಾವು. ಸೌರಚಿತ್ರಕ ಕೇಳುವ ಪಟ್ಟಿಯ ನಡುವೆಯೇ ಎಫ್‌ಎಂ ಕೇಂದ್ರಗಳು ಕೂತಿವೆ. ಕಿಡಿ ಹಾರುವ ವಿದ್ಯುತ್ ತಂತಿ, ಅಗ್ಗದ ದೀಪ, ಚಾರ್ಜರು ಎಲ್ಲವೂ ಗದ್ದಲವೇ. ರಾಮನ್ ಸಂಸ್ಥೆಯವರು ವಿಶ್ವದ ಮೊದಲ ನಕ್ಷತ್ರಗಳ ಕಾಲದ ಕ್ಷೀಣ ಸಂಕೇತವನ್ನು ಹುಡುಕಲು 2020ರಲ್ಲಿ ತಮ್ಮ ಸಾರಸ್ ಎಂಬ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯ ಮೇಲೂ ಶರಾವತಿಯ ಹಿನ್ನೀರಿನ ಮೇಲೂ ತೇಲಿಬಿಡಬೇಕಾಯಿತು. ಅದರ ಫಲವಾಗಿ 2022ರಲ್ಲಿ ಅಮೆರಿಕದ ತಂಡವೊಂದರ ಪ್ರಸಿದ್ಧ ಪ್ರತಿಪಾದನೆ ನಿಲ್ಲುವುದಿಲ್ಲವೆಂದು ತೋರಿಸಿದರು.

ಇನ್ನೊಂದು ಸಂಗತಿ ಉಳಿಯಿತು. ಹಳೆಯ ಸಾವಿರ ಆಂಟೆನಾಗಳ ದೂರದರ್ಶಕದಿಂದ ಪಲ್ಸಾರುಗಳನ್ನು, ಅಂದರೆ ಗಡಿಯಾರದಂತೆ ಮಿಡಿಯುವ ಸತ್ತ ನಕ್ಷತ್ರಗಳನ್ನು ಹುಡುಕುತ್ತ ದಾಖಲಿಸಿದ ಮಾಹಿತಿಯನ್ನು ಕಾಪಾಡಿಟ್ಟಿದ್ದರು. 2008ರಲ್ಲಿ ಫರ್ಮಿ ಉಪಗ್ರಹ ಹಾರಿ, ಗಾಮಾ ಕಿರಣಗಳಲ್ಲಿ ಮಾತ್ರ ಮಿಡಿಯುವಂತೆ ತೋರಿದ ಕೆಲವು ಪಲ್ಸಾರುಗಳನ್ನು ಕಂಡುಹಿಡಿಯಿತು. ಅವುಗಳಲ್ಲಿ ಒಂದಕ್ಕೆ ಜೆ1732-3131 ಎಂಬ ಒಣ ಹೆಸರು. ಯೋಗೇಶ್ ಮಾನ್, ಎಚ್. ಎ. ಅಶ್ವತ್ಥಪ್ಪ, ಎ. ಎ. ದೇಶಪಾಂಡೆ ಈ ಮೂವರು ಗೌರಿಬಿದನೂರಿನ ಹಳೆಯ ದಾಖಲೆಗಳನ್ನು ತೆರೆದು ಅದೇ ದಿಕ್ಕಿನಲ್ಲಿ, ಅದೇ ಮಿಡಿತದ ಲೆಕ್ಕದಲ್ಲಿ ಹುಡುಕಿದರು. 2012ರಲ್ಲಿ, ಅದರ ರೇಡಿಯೋ ಮಿಡಿತ ಸಿಕ್ಕಿರಬಹುದೆಂದು ಪ್ರಕಟಿಸಿದರು. ಉಪಗ್ರಹ ಹಾರುವ ಮೊದಲೇ, ಅಂಥದೊಂದು ನಕ್ಷತ್ರ ಇದೆಯೆಂದು ಯಾರಿಗೂ ತಿಳಿಯುವ ಮೊದಲೇ, ಅದರ ದನಿ ಗೌರಿಬಿದನೂರಿನ ಬಯಲಿನಲ್ಲಿ ಬರೆಸಿಕೊಂಡು ಕಪಾಟು ಸೇರಿತ್ತು.