ಪ್ರೈಮ್95 ಒತ್ತಡ ಪರೀಕ್ಷೆ

ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗಕ್ಕೆ ಏರಿಸಿದ, ಅಂದರೆ ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್ ಲೆಕ್ಕ ತಪ್ಪದೆ ನಡೆಯುತ್ತದೆಯೇ ಎಂದು ತಿಳಿಯುವ ಪರೀಕ್ಷೆ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ ಗಿಂಪ್ಸ್ ಯೋಜನೆಯ ಪ್ರೈಮ್95 ತಂತ್ರಾಂಶದಲ್ಲೇ ಇದು ಅಡಕವಾಗಿದೆ. ಆ ಯೋಜನೆ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು, ಅಂದರೆ 2ರ ಘಾತಕ್ಕಿಂತ ಒಂದು ಕಡಿಮೆ ಇರುವ ಅವಿಭಾಜ್ಯಗಳನ್ನು, ಹುಡುಕುತ್ತದೆ. ದೈತ್ಯ ಸಂಖ್ಯೆಗಳನ್ನು ಮತ್ತೆ ಮತ್ತೆ ವರ್ಗ ಮಾಡುವ ಆ ಕೆಲಸದಲ್ಲಿ ಒಂದು ಬಿಟ್ ತಪ್ಪಿದರೂ ದಿನಗಟ್ಟಲೆಯ ಶ್ರಮ ವ್ಯರ್ಥವಾದೀತು.

ಹೀಗೆ ವರ್ಗ ಮಾಡುವ ಗುಣಾಕಾರ ನಡೆಯುವುದು ಫೂರಿಯೇ ಪರಿವರ್ತನೆಯ ಮೂಲಕ. ಉತ್ತರಗಳು ಪೂರ್ಣಾಂಕಗಳಿಗೆ ತೀರ ಹತ್ತಿರವಿರಬೇಕು, ವ್ಯತ್ಯಾಸ 0.4ನ್ನು ಮೀರಿದರೆ ದೋಷವೆಂದು ಸಾರಿ ಆ ಲೆಕ್ಕ ಮಾಡುತ್ತಿದ್ದ ಥ್ರೆಡ್ ನಿಲ್ಲುತ್ತದೆ. ಅಂತಿಮ ಫಲವನ್ನೂ ಮೊದಲೇ ಗೊತ್ತಿರುವ ಉತ್ತರದೊಂದಿಗೆ ತಾಳೆ ನೋಡಲಾಗುತ್ತದೆ. ಈ ಪರೀಕ್ಷೆಯ ನಿಜವಾದ ಬೆಲೆ ಇರುವುದು ಇಲ್ಲೇ: ಕಂಪ್ಯೂಟರ್ ಸ್ಥಗಿತಗೊಳ್ಳದೆಯೂ ಸದ್ದಿಲ್ಲದೆ ತಪ್ಪು ಲೆಕ್ಕ ಮಾಡುತ್ತಿದ್ದರೆ ಅದು ಬಯಲಾಗುತ್ತದೆ. ಎಲ್ಲ ಕೋರ್‌ಗಳಿಗೂ ಏಕಕಾಲಕ್ಕೆ ಕೆಲಸ ಬೀಳುವುದರಿಂದ ಒಂದೇ ಕೋರ್ ದುರ್ಬಲವಾಗಿದ್ದರೂ ಅಡಗಿರುವುದು ಕಷ್ಟ.

ಚಿಕ್ಕ ಪರಿವರ್ತನೆಗಳು ಕ್ಯಾಶ್‌ನೊಳಗೇ ನಡೆದು ಅತಿ ಹೆಚ್ಚು ಶಾಖ ಹುಟ್ಟಿಸುತ್ತವೆ, ಒಮ್ಮೆಗೇ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಎವಿಎಕ್ಸ್ ಸೂಚನೆಗಳನ್ನು ಬಳಸಿದರೆ ಇನ್ನೂ ಹೆಚ್ಚು. ಚಿಕ್ಕ, ದೊಡ್ಡ ಪರಿವರ್ತನೆಗಳನ್ನು ಬೆರೆಸುವ ಮಿಶ್ರ ವಿಧಾನ ರ‍್ಯಾಮ್ ಅನ್ನೂ ಪರೀಕ್ಷಿಸುತ್ತದೆ. ಕೆಲವು ನಿಮಿಷ ಸಾಲದು; ಹಲವು ಗಂಟೆ ಓಡಿಸುವುದೇ ರೂಢಿ, ಉಷ್ಣತೆಯ ಮೇಲೆ ಕಣ್ಣಿಟ್ಟೇ ಓಡಿಸಬೇಕು. ಆದರೂ ಇದೊಂದನ್ನೇ ನಂಬುವುದು ಸರಿಯಲ್ಲ. ಪೂರ್ಣ ಹೊರೆಯಲ್ಲಿ ಗೆದ್ದ ಪ್ರೊಸೆಸರ್, ಹೊರೆ ಕಡಿಮೆಯಿದ್ದು ಒಂದೇ ಕೋರ್ ಗರಿಷ್ಠ ವೇಗಕ್ಕೇರಿದಾಗ ಎಡವಬಹುದು.

ಓವರ್‌ಕ್ಲಾಕ್ ಮಾಡದ ಪ್ರೊಸೆಸರ್‌ನಲ್ಲೂ ಇದು ದೋಷ ಹಿಡಿದಿದೆ. ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರ್‌ಗಳು ಈ ತಂತ್ರಾಂಶದ ನಿರ್ದಿಷ್ಟ ಲೆಕ್ಕವೊಂದರಲ್ಲಿ ಸ್ಥಗಿತಗೊಳ್ಳುತ್ತಿದ್ದವು. 2016ರ ಜನವರಿಯಲ್ಲಿ ಇಂಟೆಲ್ ದೋಷವನ್ನು ಒಪ್ಪಿಕೊಂಡು, ಬಯೋಸ್ ನವೀಕರಣದ ಮೂಲಕ ಪರಿಹಾರ ಒದಗಿಸಿತು.